ಬರುವಾಗ ಒಂದು ಡಬ್ಬಿ

ನಮ್ಮ ಜನರ ಕಣ್ಣಿಗೆ ಪ್ರಯಾಣ ಹೊರಟವನು ಮನುಷ್ಯನಾಗಿ ಕಾಣುವುದಿಲ್ಲ, ಖಾಲಿ ಜಾಗವಾಗಿ ಕಾಣುತ್ತಾನೆ. ಇಂಥವರು ಊರಿಗೆ ಹೊರಟಿದ್ದಾರೆ ಎಂಬ ಸುದ್ದಿ ಲಂಡನ್ನಿನ ನಮ್ಮ ಕ್ರೋಯ್ಡನ್ನಿನಲ್ಲಿ ಹಬ್ಬಿದರೆ ಸಾಕು, ಯಾಕೆ ಹೋಗುತ್ತಿದ್ದಾರೆ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಯಾರೂ ಕೇಳುವುದಿಲ್ಲ, "ಎಷ್ಟು ಕೆಜಿ ಬಿಡ್ತಾರೆ?" ಎಂದು ಕೇಳುತ್ತಾರೆ. ಹೋಗುವಾಗ ವಿಟಮಿನ್ ಮಾತ್ರೆ, ಬರುವಾಗ ಹುಳಿಪುಡಿ. ಒಮ್ಮೆ ಟೂಟಿಂಗಿನ ಹೋಟೆಲೊಂದರಲ್ಲಿ ದೋಸೆ ತಿನ್ನುತ್ತ ನಾನು ಹೆಂಡತಿಗೆ ಟಿಕೆಟ್ಟಿನ ವಿಷಯ ಹೇಳುತ್ತಿದ್ದೆ. ಪಕ್ಕದ ಮೇಜಿನಿಂದ ಪರಿಚಯವೇ ಇಲ್ಲದ ಮಹನೀಯರೊಬ್ಬರು ಕೈ ಕೂಡ ತೊಳೆಯದೆ ಎದ್ದು ಬಂದು, "ಕೇಳಿಸ್ತು, ಕ್ಷಮಿಸಿ. ಒಂದು ಚಿಕ್ಕ ಪ್ಯಾಕೆಟ್ ಇದೆ, ಮಲ್ಲೇಶ್ವರದಲ್ಲಿ ಕೊಟ್ಟುಬಿಟ್ಟರೆ ಆಯ್ತು," ಎಂದರು. ಕೊಟ್ಟುಬಿಟ್ಟೆ. ಅದರೊಳಗೆ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬಿಚ್ಚಿ ನೋಡುವುದು ಸಭ್ಯತೆಯಲ್ಲ ಎಂದು ನಾವೆಲ್ಲರೂ ತಿಳಿದುಕೊಂಡಿದ್ದೇವೆ.

ನಾನೂ ಇದಕ್ಕೆ ಹೊರತಲ್ಲ. ಯಾರಾದರೂ "ಬರ್ತೀನಿ" ಅಂದರೆ ಸಾಕು, "ಬರುವಾಗ" ಎಂಬ ಮಾತು ನನ್ನ ಬಾಯಿಂದ ಸೀನಿನ ಹಾಗೆ ಹೊರಬೀಳುತ್ತದೆ. ತಮಾಷೆಯೆಂದರೆ ನನ್ನ ಹೊಟ್ಟೆಪಾಡೇ ನಿಯಮಗಳದ್ದು. ಬ್ಯಾಂಕೊಂದರಲ್ಲಿ ಕುಳಿತು, ಬೇರೆಯವರು ಮಾಡಲು ಹೊರಟ ಕೆಲಸಕ್ಕೆ ಯಾವ ಕಾನೂನು ಅಡ್ಡ ಬರುತ್ತದೆ ಎಂದು ಹುಡುಕಿ ಹೇಳಿ, ಅವರ ಉತ್ಸಾಹವನ್ನು ತಣ್ಣಗೆ ಮಾಡುವುದು ನನ್ನ ನೌಕರಿ. ನನ್ನನ್ನು ಕಂಡರೆ ಸಹೋದ್ಯೋಗಿಗಳು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ಮನೆಯಲ್ಲೂ ಅಷ್ಟೇ. ಕೌನ್ಸಿಲಿನವರು ಯಾವ ವಾರ ಯಾವ ಬಣ್ಣದ ಡಬ್ಬಿಯ ಕಸ ಒಯ್ಯುತ್ತಾರೆ ಎಂಬ ಬಗ್ಗೆ ನಾನು ಕೊಡುವ ಉಪನ್ಯಾಸವನ್ನು ನನ್ನ ಮಗಳು ಅನ್ವಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಕೇಳುತ್ತಾಳೆ.

ಇಂಥ ನನಗೆ ಬಂದೂಕಿನ ಹುಚ್ಚು ಅಂಟಿಸಿದವನು ಭಾವ. ಅಕ್ಕ ಭಾವ ಇರುವುದು ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿ. ಭಾವ ಅಲ್ಲಿಯ ಕ್ಲಬ್ಬೊಂದರಲ್ಲಿ ಗುರಿ ಹೊಡೆಯುತ್ತಾನೆ. ಹಾಳೆಯ ಮೇಲಿನ ಕಪ್ಪು ಚುಕ್ಕೆ ಬಿಟ್ಟರೆ ಬೇರೆ ಯಾವ ಜೀವಿಗೂ ಅವನಿಂದ ಅಪಾಯವಿಲ್ಲ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿ ನನ್ನನ್ನು ಸೆಳೆದದ್ದು ಗುಂಡಿನ ಸದ್ದಲ್ಲ, ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆ. ಅದನ್ನು ಎಸೆಯುವುದಿಲ್ಲವಂತೆ. ತೊಳೆದು, ಒರೆಸಿ, ಬುಡಕ್ಕೆ ಹೊಸ ಪ್ರೈಮರ್ ಕೂರಿಸಿ, ಮದ್ದು ತುಂಬಿ, ಮೇಲೆ ಗುಂಡು ಒತ್ತಿದರೆ ಮತ್ತೆ ತಯಾರು. ಪ್ರೈಮರ್ ಎಂದರೆ ಹಣೆಯ ಕುಂಕುಮದಷ್ಟು ಅಗಲದ ಪುಟ್ಟ ಲೋಹದ ಬಟ್ಟಲು. ಪೆಟ್ಟು ಬಿದ್ದಾಗ ಕಿಡಿ ಹುಟ್ಟುವುದು ಅದರಲ್ಲೇ. ಐಸ್‌ಕ್ರೀಮ್ ಡಬ್ಬಿಯನ್ನು ತೊಳೆದು ಕಡಲೆಹಿಟ್ಟು ತುಂಬಿಡುವ ಮನೆಯಲ್ಲಿ ಬೆಳೆದವನಿಗೆ ಇದಕ್ಕಿಂತ ಹಿತವಾದ ಹವ್ಯಾಸ ಬೇರೆ ಯಾವುದಿದೆ? ಲಂಡನ್ನಿಗೆ ಮರಳಿ ಕ್ಲಬ್ ಸೇರಿದೆ, ಪೊಲೀಸರಿಂದ ಸರ್ಟಿಫಿಕೇಟ್ ಪಡೆದೆ, ಬಂದೂಕಿಗೆಂದು ಗೋಡೆಗೆ ಉಕ್ಕಿನ ಕಪಾಟು ಹೊಡೆಸಿದೆ. "ಪಟಾಕಿ ಹಚ್ಚೋಕೂ ಕಿವಿ ಮುಚ್ಕೊಳ್ಳೋರು ನೀವು. ನಿಮಗ್ಯಾಕ್ರೀ ಇದೆಲ್ಲ?" ಎಂದಳು ನನ್ನ ಹೆಂಡತಿ ವೀಣಾ, ಬೆಂಗಳೂರಿನವಳು. ನಾನು ಅವಳಿಗೆ ನಿಯಮಗಳನ್ನು ವಿವರಿಸತೊಡಗಿದೆ. ಅವಳು ಎದ್ದು ಹೋದಳು.

ಈ ದೇಶದಲ್ಲಿ ಪ್ರೈಮರ್ ಬೇಕೆಂದರೆ ಅಂಗಡಿಗೇ ಹೋಗಿ, ಸರ್ಟಿಫಿಕೇಟ್ ತೋರಿಸಿ ತರಬೇಕು. ಅದಕ್ಕೆ ನನ್ನದೇನೂ ತಕರಾರಿರಲಿಲ್ಲ. ಆದರೆ ಈ ಸಲ ಯಾವ ಅಂಗಡಿಗೆ ಹೋದರೂ "ಸ್ಟಾಕ್ ಇಲ್ಲ, ಮುಂದಿನ ತಿಂಗಳು ನೋಡಿ" ಎಂಬ ಒಂದೇ ಮಾತು. ತೊಳೆದ ಹಿತ್ತಾಳೆಯ ಕೊಳವೆಗಳು ಡಬ್ಬಿಗಟ್ಟಲೆ ಸುಮ್ಮನೆ ಕುಳಿತಿದ್ದವು. ಅಂಥ ದಿನಗಳಲ್ಲಿ ಭಾವ ಫೋನ್ ಮಾಡಿ, "ಶನಿವಾರ ಅವ್ವನ್ನ ಕರಕೊಂಡು ನಾನೇ ಬರ್ತೀನಿ," ಎಂದ. ನಾನು ಆಗ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಸೀನು ಬಂದೇ ಬಿಟ್ಟಿತು. "ಬರೋವಾಗ ಒಂದು ಡಬ್ಬಿ ಪ್ರೈಮರ್ ತಂದುಬಿಡು, ಭಾವ," ಎಂದೆ. "ಅದೇನ್ ದೊಡ್ಡ ಮಾತು, ನಮ್ಮ ಅಂಗಡ್ಯಾಗ ಬೇಕಾದಷ್ಟು ಅವ," ಎಂದ ಅವನು. ಅವನ ಹತ್ತಿರ ಅಲ್ಲಿಯ ಪರವಾನಗಿ ಇದೆ, ನನ್ನ ಹತ್ತಿರ ಇಲ್ಲಿಯದು ಇದೆ. ನಾನು ನಿಶ್ಚಿಂತೆಯಿಂದ ಕಾಲರಿಗೆ ಇಸ್ತ್ರಿ ಹಾಕಿದೆ.

ಅವ್ವನ ಬಗ್ಗೆ ಇಲ್ಲಿ ಹೇಳಬೇಕು. ವಿಜಯಪುರ ಬಿಟ್ಟು ಅವಳು ಹೊರದೇಶಕ್ಕೆ ಬಂದದ್ದು ಇದೇ ಮೊದಲು. ಅಕ್ಕನ ಮನೆಗೆ ಬರುವ ವೀಸಾ ಸಲೀಸಾಗಿ ಸಿಕ್ಕಿತು. ನನ್ನ ಮನೆಗೆ ಬರುವ ವೀಸಾ ಮಾತ್ರ ಒಂದು ಸಲ ತಿರಸ್ಕೃತವಾಗಿ, ಮತ್ತೆ ಅರ್ಜಿ ಹಾಕಿದ ಮೇಲೆ ಸಿಕ್ಕಿತ್ತು. "ನಿನ್ನ ದೇಶದಾವರಿಗೆ ನಾ ಬ್ಯಾಡಾಗೀನೇನೋ ತಮ್ಮಾ," ಎಂದು ಆಗ ಫೋನಿನಲ್ಲಿ ಕೇಳಿದ್ದಳು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಸುಳ್ಳೂ ಬರುವುದಿಲ್ಲ. ಎದುರಿಗೆ ಯಾವ ದೇಶದವರಿದ್ದರೂ ಕನ್ನಡದಲ್ಲೇ ಮಾತಾಡುತ್ತಾಳೆ, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಹೇಳುತ್ತಾಳೆ. ಬೇರೆಯವರು ಮಡಿಸಿದ ಬಟ್ಟೆ, ಬೇರೆಯವರು ತುಂಬಿದ ಚೀಲ ಅವಳಿಗೆ ಸರಿಬರುವುದಿಲ್ಲ ಎಂಬುದೊಂದು ಬಿಟ್ಟರೆ ಯಾರಿಗೂ ತೊಂದರೆ ಕೊಟ್ಟವಳಲ್ಲ.

ಶನಿವಾರ ಬೆಳಿಗ್ಗೆ ಎಂದಿನಂತೆ ಕ್ಲಬ್ಬಿಗೆ ಹೋದೆ. ಅಲ್ಲಿ ಜೆಫ್ರಿ ಎಂಬ ನಿವೃತ್ತ ಗಣಿತ ಮೇಷ್ಟ್ರು ನನ್ನ ಸ್ನೇಹಿತರು. ಚಹಾ ಕುಡಿಯುತ್ತ, ಪ್ರೈಮರಿನ ಬರಗಾಲದ ಬಗ್ಗೆ ಅವರು ಗೊಣಗಿದರು. ನಾನು ಸ್ವಲ್ಪ ಜಂಬದಿಂದಲೇ, "ನನಗೆ ಇವತ್ತು ಸಂಜೆ ಒಂದು ಡಬ್ಬಿ ಬರುತ್ತೆ. ನಮ್ಮ ಭಾವ ಬ್ರಸೆಲ್ಸಿನಿಂದ ತರ್ತಿದ್ದಾನೆ," ಎಂದೆ. ಜೆಫ್ರಿ ಕಪ್ಪನ್ನು ಕೆಳಗಿಟ್ಟರು. "ರೈಲಿನಲ್ಲಾ?" ಎಂದು ಕೇಳಿದರು. ಹೌದೆಂದೆ. ಅವರು ಕಿಟಕಿಯಾಚೆ ನೋಡಿ, "ಓ ಡಿಯರ್. ಅದು ಸ್ವಲ್ಪ ಮುಜುಗರಕ್ಕೆ ಕಾರಣವಾಗಬಹುದು," ಎಂದರು. ಇಂಗ್ಲಿಷರೊಡನೆ ಇಷ್ಟು ವರ್ಷ ಬಾಳಿದವನಿಗೆ ಗೊತ್ತು, ಅವರು "ಸ್ವಲ್ಪ ಮುಜುಗರ" ಎಂದರೆ ವಕೀಲರಿಗೆ ಫೋನ್ ಮಾಡುವ ಹೊತ್ತಾಯಿತು ಎಂದು.

ಜೆಫ್ರಿ ಸಾವಧಾನವಾಗಿ ವಿವರಿಸಿದರು. ಭಾವ ಅಲ್ಲಿ ಕೊಂಡದ್ದು ಸರಿ. ನಾನು ಇಲ್ಲಿ ಇಟ್ಟುಕೊಂಡರೆ ಅದೂ ಸರಿ. ಆದರೆ ಗಡಿ ದಾಟಿಸಲು ಮುಂಚೆಯೇ ಪಡೆದ ಬೇರೆಯೇ ಆಮದು ಅನುಮತಿ ಬೇಕು, ಯಾಕೆಂದರೆ ಕಾನೂನಿನ ಲೆಕ್ಕದಲ್ಲಿ ಅದು ಸ್ಫೋಟಕ. ಇನ್ನು ಪ್ರಯಾಣಿಕರ ರೈಲಿನಲ್ಲಂತೂ ಯಾರ ಹತ್ತಿರ ಯಾವ ಕಾಗದವಿದ್ದರೂ ಒಯ್ಯುವಂತಿಲ್ಲ. ಅಂದರೆ ಆ ದಡದಲ್ಲಿ ಸರಿ, ಈ ದಡದಲ್ಲಿ ಸರಿ, ನಡುವೆ ರೈಲು ಹಾದುಬರುವ ಸಮುದ್ರದ ಕೆಳಗೆ ಅಪರಾಧ. ಬೇರೆಯವರಾಗಿದ್ದರೆ ಈ ಪ್ರಶ್ನೆಯನ್ನು ಮೊದಲು ಕೇಳುತ್ತಿದ್ದವನು ನಾನೇ. ಬ್ಯಾಂಕಿನಲ್ಲಿ ಯಾರಾದರೂ ಒಂದು ಪೆನ್ನನ್ನು ಗಡಿ ದಾಟಿಸುತ್ತೇನೆಂದರೂ ಪುಟಗಟ್ಟಲೆ ಬರೆದುಕೊಡುತ್ತಿದ್ದೆ. ಆದರೆ "ಬರುವಾಗ" ಎಂದು ಶುರುವಾಗುವ ವಾಕ್ಯಗಳಿಗೂ ಕಾನೂನಿಗೂ ಸಂಬಂಧವಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಭಾವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತುವುದೂ ಇಲ್ಲ, ಪ್ರಯಾಣದಲ್ಲಿ ಅವನು ಪಾಸ್‌ಪೋರ್ಟಿನ ಜೊತೆ ಫೋನನ್ನೂ ಸೊಂಟದ ಚೀಲಕ್ಕೆ ಹಾಕಿ, ಜಿಪ್ ಎಳೆದು, ಮೇಲೆ ಸ್ವೆಟರ್ ಹಾಕಿಕೊಳ್ಳುತ್ತಾನೆ. ಅಕ್ಕನಿಗೆ ಮಾಡಿದೆ.

"ಅವರು ಹೊಂಟು ಬಾಳ ಹೊತ್ತಾತು. ಈಗ ಬ್ರಸೆಲ್ಸ್ ಸ್ಟೇಶನ್ನಿನ್ಯಾಗ ಇರಬೇಕು. ಯಾಕೋ?"

"ಅಕ್ಕಾ, ಆ ಡಬ್ಬಿ ಭಾವನ ಬ್ಯಾಗಿನ್ಯಾಗ ಐತೇನು?"

"ಅವರ ಬ್ಯಾಗ್ ತುಂಬಿತ್ತೋ. ಅವ್ವನ ಬ್ಯಾಗಿನ್ಯಾಗ ಇಟ್ಟಾರ. ಮುದುಕಿ ಬ್ಯಾಗ್ ಯಾರು ನೋಡ್ತಾರ ಅಂದ್ರು."

ನಾನು ಅಲ್ಲಿಯೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಅಲ್ಲಿಯವರೆಗೆ ನಾನು ಹೆದರಿದ್ದು ನನ್ನ ಸರ್ಟಿಫಿಕೇಟಿಗೆ, ಮತ್ತು ಸ್ವಲ್ಪಮಟ್ಟಿಗೆ ಭಾವನಿಗೆ. ಈಗ ಕಣ್ಣಮುಂದೆ ಬಂದದ್ದು ಅವ್ವ: ಎಕ್ಸ್-ರೇ ಯಂತ್ರದ ಪಕ್ಕದಲ್ಲಿ ಸೆರಗು ಹೊದ್ದು ನಿಂತು, ಸಮವಸ್ತ್ರದವರು "ಇದು ಯಾರದು?" ಎಂದು ಕೇಳಿದರೆ, "ನನ್ನ ಮಗಂದರೀ, ಕ್ರೋಯ್ಡನ್ನಿನ್ಯಾಗ ಇರ್ತಾನ" ಎಂದು ಹೆಮ್ಮೆಯಿಂದ ಹೇಳುವ ಅವ್ವ. ಎರಡನೆಯ ಸಲಕ್ಕೆ ಸಿಕ್ಕ ವೀಸಾ. ಈ ಸಲ ಹಿಂದಕ್ಕೆ ಕಳಿಸಿದರೆ ಇನ್ನು ಆಕೆ ನನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ.

ತಕ್ಷಣ ನಿಲ್ದಾಣಕ್ಕೆ ಓಡಲು ಬರುವಂತಿರಲಿಲ್ಲ, ಕೈಯಲ್ಲಿ ಬಂದೂಕಿತ್ತು. ಅದನ್ನು ಹೊತ್ತು, ಬ್ರಸೆಲ್ಸಿನ ರೈಲು ಬಂದು ನಿಲ್ಲುವ ಸೇಂಟ್ ಪ್ಯಾಂಕ್ರಾಸಿಗೆ ಹೋದರೆ ಅವ್ವನಿಗಿಂತ ಮೊದಲು ನಾನೇ ಒಳಗೆ. ಮನೆಗೆ ಹೋಗಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅಡುಗೆಮನೆಯಲ್ಲಿ ವೀಣಾ ಅವ್ವನಿಗೆಂದು ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ವಿಷಯ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಿಕ್ಸಿಯನ್ನಷ್ಟೇ ನಿಲ್ಲಿಸಿದಳು. "ನನ್ನ ತಮ್ಮ ಬರುವಾಗ ಒಂದು ಕೊತ್ತಂಬರಿ ಗಿಡ ತಂದಿದ್ದಕ್ಕೆ ಒಂದು ವಾರ ಲೆಕ್ಚರ್ ಕೊಟ್ಟಿದ್ರಿ," ಎಂದಷ್ಟೇ ಹೇಳಿದಳು. "ಅದು ಮಣ್ಣಿನ ಸಮೇತ ತಂದಿದ್ದ," ಎಂದೆ. ಅಂಥ ಹೊತ್ತಿನಲ್ಲೂ ನಾನು ಹಾಗೆ ಅಂದೆ. ಅನ್ವಿ ಬಾಗಿಲಲ್ಲಿ ನಿಂತು, "ಈಸ್ ಅಜ್ಜಿ ಗೋಯಿಂಗ್ ಟು ಜೈಲ್?" ಎಂದು ಕೇಳಿದಳು.

ಈಸ್ಟ್ ಕ್ರೋಯ್ಡನ್ನಿನಿಂದ ರೈಲು ಹತ್ತಿದೆ. ದಾರಿಯುದ್ದಕ್ಕೂ ಸರ್ಕಾರದ ವೆಬ್‌ಸೈಟು ಓದಿದೆ. ಯಾವುದನ್ನು ತರಬಾರದು, ತಂದರೆ ಏನಾಗುತ್ತದೆ ಎಂಬ ಪುಟ. ಎಲ್ಲಾದರೂ ಒಂದು ಸಣ್ಣ ವಿನಾಯಿತಿ ಇರಬಹುದು, ವಯಸ್ಸಾದವರಿಗೆ, ತಿಳಿಯದೆ ತಂದವರಿಗೆ, ವಿಜಯಪುರದವರಿಗೆ ಎಂದು ಹುಡುಕಿದೆ. ಬೇರೆಯವರಿಗೆ ಇಂಥ ಪುಟ ತೋರಿಸುವಾಗ ಅದರ ಭಾಷೆ ಎಷ್ಟು ಸ್ಪಷ್ಟವಾಗಿದೆ ಎಂದು ಮೆಚ್ಚಿಕೊಳ್ಳುತ್ತಿದ್ದೆ. ಈಗ ಅಷ್ಟು ಸ್ಪಷ್ಟವಾಗಿರಬೇಕಾಗಿತ್ತೇ ಎನಿಸಿತು. ಆ ಕೊಂಡಿಯನ್ನು ಮನೆಯ ವಾಟ್ಸಾಪ್ ಗುಂಪಿಗೂ ಹಾಕಿದೆ. ನನಗಿಂತ ಚೆನ್ನಾಗಿ ಓದುವವರು ಯಾರಾದರೂ ಒಂದು ಸಂದು ಕಂಡುಹಿಡಿಯಲಿ ಎಂಬ ಆಸೆ. ಲಂಡನ್ ಬ್ರಿಜ್ ಬರುವ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದಿದ್ದೆ. ಅವ್ವ ಹೇಗೋ ಡಬ್ಬಿಯ ಸಮೇತ ಹೊರಗೆ ಬಂದರೆ, ಮನೆಗೆ ಒಯ್ಯುವುದಿಲ್ಲ. ಅಲ್ಲಿಯೇ ಮೊದಲು ಕಂಡ ಪೊಲೀಸರ ಹತ್ತಿರ ಹೋಗಿ, ತಪ್ಪು ನನ್ನದು, ಆಕೆಗೆ ಏನೂ ಗೊತ್ತಿಲ್ಲ ಎಂದು ಹೇಳುವುದು. ಬಂದೂಕು ಹೋದರೆ ಹೋಗಲಿ. ನೌಕರಿ ಹೋದರೂ ಹೋಗಲಿ ಎಂದುಕೊಳ್ಳಲು ಪ್ರಯತ್ನಪಟ್ಟೆ, ಅಷ್ಟೊಂದು ಆಗಲಿಲ್ಲ.

ಬ್ರಸೆಲ್ಸಿನ ರೈಲು ಬಂದದ್ದನ್ನು ಫಲಕ ತೋರಿಸಿತು. ಬಾಗಿಲು ತೆರೆದು ಜನ ಹೊರಬರತೊಡಗಿದರು. ಹೆಗಲಿಗೆ ಪಿಟೀಲು ಹಾಕಿಕೊಂಡವರು, ಕೂಸು ಎತ್ತಿಕೊಂಡವರು, ಅಪ್ಪಿಕೊಳ್ಳುವವರು. ಸ್ವಲ್ಪ ದೂರದಲ್ಲಿ ಇಬ್ಬರು ಪೊಲೀಸರು ಒಂದು ನಾಯಿಯನ್ನು ಹಿಡಿದು ನಿಂತಿದ್ದರು. ನಾಯಿ ನನ್ನನ್ನೇ ನೋಡುತ್ತಿದೆ ಅನಿಸಿತು. ಬೆಳಿಗ್ಗೆ ಕ್ಲಬ್ಬಿನಲ್ಲಿ ಹಾಕಿದ ಅದೇ ಜಾಕೆಟ್ ನನ್ನ ಮೈಮೇಲಿತ್ತು, ಮದ್ದಿನ ವಾಸನೆಯ ಸಮೇತ. ಜಾಕೆಟ್ ಬಿಚ್ಚಿ ಮಡಿಸಿ ಕಂಕುಳಲ್ಲಿಟ್ಟುಕೊಂಡೆ. ಬರುವವರು ವಿರಳವಾದರು. ಆಮೇಲೆ ನಿಂತೇ ಹೋದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅವ್ವನೂ ಇಲ್ಲ, ಭಾವನೂ ಇಲ್ಲ. ನನಗೆ ಆಗ ಆದಷ್ಟು ಭಯ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಮತ್ತೆ ಬಾಗಿಲು ತೆರೆಯಿತು. ಸಮವಸ್ತ್ರ ತೊಟ್ಟ ಒಬ್ಬ ಎತ್ತರದ ಹೆಂಗಸು ಹೊರಬಂದಳು. ಅವಳ ತೋಳು ಹಿಡಿದು ಅವ್ವ. ಅವ್ವನ ಬ್ಯಾಗು ಆ ಹೆಂಗಸಿನ ಇನ್ನೊಂದು ಕೈಯಲ್ಲಿ. ಅವ್ವ ಬೆರಳೆತ್ತಿ ನನ್ನನ್ನು ತೋರಿಸಿದಳು.

"ಅಂವನ. ಅಂವನ ನನ್ನ ಮಗ."

ಹೆಂಗಸು ನೇರವಾಗಿ ನನ್ನ ಹತ್ತಿರ ಬಂದು, "ನೀವೇನಾ ಮಗ?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. "ನಿಮ್ಮ ಬಗ್ಗೆ ದಾರಿಯುದ್ದಕ್ಕೂ ಹೇಳಿದರು. ಒಂದಕ್ಷರ ಅರ್ಥವಾಗಲಿಲ್ಲ. ಲವ್ಲಿ ಲೇಡಿ," ಎಂದು ಬ್ಯಾಗನ್ನು ನನ್ನ ಕೈಗಿತ್ತು, ಅವ್ವನ ಕೆನ್ನೆ ತಟ್ಟಿ ಹೊರಟುಹೋದಳು. ನಡೆಯಲು ಕಷ್ಟವಿದ್ದವರಿಗೆ ನೆರವಾಗುವ ಸಿಬ್ಬಂದಿ ಅವಳು. ಅವ್ವನ ಮಂಡಿನೋವಿಗಾಗಿ ಅಕ್ಕ ಮುಂಚೆಯೇ ಕೇಳಿಕೊಂಡಿದ್ದಳು. ಅವ್ವನನ್ನು ಎಲ್ಲರೂ ಇಳಿದ ಮೇಲೆ ಇಳಿಸಿದ್ದರು. ಹಿಂದೆ ಟ್ರಾಲಿ ತಳ್ಳುತ್ತ ಭಾವ ಬಂದ, ಸ್ವೆಟರಿನೊಳಗಿನ ಚೀಲ ಬಸಿರಿನ ಹಾಗೆ ಉಬ್ಬಿತ್ತು.

ನನ್ನ ಕೈಯಲ್ಲಿ ಬ್ಯಾಗು. ಅದು ಭಾರವಾಗಿತ್ತು. "ಭಾವ, ಆ ಡಬ್ಬಿ?" ಎಂದು ತುಟಿ ಅಲುಗಿಸದೆ ಕೇಳಿದೆ.

"ಅದರಾಗ ಐತಿ. ಯಾರೂ ಏನೂ ಕೇಳಲಿಲ್ಲ ನೋಡು," ಎಂದ ಅವನು, ಹಲ್ಲು ಬಿಡುತ್ತ.

ನಾನು ಪೊಲೀಸರ ಕಡೆಗೆ ತಿರುಗಿದೆ. ಅವರ ಕಡೆಗೆ ನಡೆದೇ ನಡೆದೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ, ಯಾಕೆಂದರೆ ಇಡೀ ದಿನದಲ್ಲಿ ನಾನು ಮಾಡಿದ ಮರ್ಯಾದಸ್ಥ ಕೆಲಸ ಅದೊಂದೇ. ನಾಯಿ ಎದ್ದು ನಿಂತಿತು.

"ಎಲ್ಲಿ ಹೊಂಟಿಯೋ ನನ್ನ ಬ್ಯಾಗ್ ತಗೊಂಡು?" ಎಂದು ಅವ್ವ ಹಿಂದಿನಿಂದ ಕೂಗಿದಳು.

ಹಿಂದಕ್ಕೆ ಬಂದು, ಅವಳ ಕಿವಿಯಲ್ಲಿ, ಭಾವ ಇಟ್ಟ ಡಬ್ಬಿ ತರಬಾರದ ಸಾಮಾನು, ಅದನ್ನು ಪೊಲೀಸರಿಗೆ ಕೊಡಬೇಕು ಎಂದೆ. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಸಣ್ಣ ಡಬ್ಬ್ಯೇನು? ಅದನ್ನ ಮುಂಜಾನೇ ತಗದು ಇಟ್ಟೆ. ಬ್ಯಾಗ್ ತುಂಬೂ ಪದ್ಧತಿನ ಗೊತ್ತಿಲ್ಲ ನಿಮ್ಮ ಭಾವಗ. ನಾ ಎಲ್ಲಾ ತಗದು, ಮತ್ತ ತುಂಬಿದೆ. ತುಪ್ಪದ ಬಾಟ್ಲಿಗೆ ಜಾಗಾ ಸಾಲಲಿಲ್ಲ, ನಿನ್ನ ಡಬ್ಬಿ ಬಿಟ್ಟು ಬಂದೆ."

ನಿಲ್ದಾಣದ ನಡುವೆ ನಾನು ಅವ್ವನನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಬಹಳ ದಿನಕ್ಕೆ ತಾಯಿಯನ್ನು ಕಂಡ ಮಗ ಎಂದು ಪಕ್ಕದವರು ದಾರಿ ಬಿಟ್ಟರು. ನಾಯಿ ಮತ್ತೆ ಕುಳಿತಿತು. "ಎಲ್ಲಿ ಇಟ್ಟು ಬಂದಿ ಅವ್ವಾ?" ಎಂದು ಕಣ್ಣೊರೆಸುತ್ತ ಕೇಳಿದೆ. "ದೇವರ ಕಪಾಟಿನ್ಯಾಗ, ದೀಪದ ಬಾಜೂಕ. ಅಲ್ಲಿ ಯಾರೂ ಮುಟ್ಟೂದಿಲ್ಲಂತ," ಎಂದಳು. ಭಾವನ ಮುಖ ಬೆಳ್ಳಗಾಯಿತು. ಅವನು ಸ್ವೆಟರ್ ಎತ್ತಿ, ಜಿಪ್ ಎಳೆದು, ಆ ದಿನ ಮೊದಲ ಬಾರಿಗೆ ಫೋನ್ ಹೊರತೆಗೆದ. ಅಕ್ಕ ದೀಪ ಆರಿಸಿ, ಡಬ್ಬಿಯನ್ನು ಭಾವನ ಕಪಾಟಿನಲ್ಲಿಟ್ಟು ಬಂದು, ಫೋನಿನಲ್ಲೇ ಅವನಿಗೆ ಮಾಡಿದ ಮಂಗಳಾರತಿ ನನಗೂ ಕೇಳಿಸಿತು.

ಮನೆಯಲ್ಲಿ ಎಲ್ಲರಿಗೂ ಹೋಳಿಗೆಯ ತಟ್ಟೆ ಬಂತು. ಅವ್ವ ತಾನೇ ಬಾಟಲಿ ತೆರೆದಳು. ಬೆಲ್ಜಿಯಮ್ಮಿನ ಬೆಣ್ಣೆ ಬಹಳ ಚಂದವೆಂದು ಅಕ್ಕನ ಮನೆಯಲ್ಲಿ ದಿನವೆಲ್ಲ ಒಲೆಯ ಮುಂದೆ ನಿಂತು, ವೀಳ್ಯದೆಲೆ ಹಾಕಿ ಕಾಸಿದ ತುಪ್ಪ. ಮರಳು ಮರಳಾಗಿತ್ತು, ಆ ಪರಿಮಳಕ್ಕೆ ನಮ್ಮ ಫ್ಲ್ಯಾಟು ಕ್ಷಣಕಾಲ ವಿಜಯಪುರವಾಯಿತು. ನಾನು ಹಗುರಾದ ಮನಸ್ಸಿನಿಂದ ಭಾವನಿಗೆ ಗಡಿಯ ಕಾನೂನುಗಳನ್ನು ವಿವರಿಸಲು ಶುರು ಮಾಡಿದೆ. ಹೇಗೆ ಮೊದಲೇ ಓದಿಕೊಳ್ಳಬೇಕು, ಗೊತ್ತಿರಲಿಲ್ಲ ಎಂಬುದು ಹೇಗೆ ನೆಪವಾಗುವುದಿಲ್ಲ ಎಂದೆಲ್ಲ. ಆಗ ಫೋನ್ ನೋಡುತ್ತಿದ್ದ ಅನ್ವಿ ತಲೆಯೆತ್ತಿದಳು. ನಾನು ಕಳಿಸಿದ ಪುಟವನ್ನು ನಮ್ಮ ಮನೆಯಲ್ಲಿ ಕೊನೆಯವರೆಗೆ ಓದಿದ್ದು ಅವಳೊಬ್ಬಳೇ.

"ಅಪ್ಪಾ, ಇಟ್ ಸೇಸ್ ನೋ ಡೇರಿ ಫ್ರಮ್ ಯುರೋಪ್. ಮಿಲ್ಕ್, ಚೀಸ್, ಬಟರ್, ಎವೆರಿಥಿಂಗ್. ಅಜ್ಜಿಸ್ ತುಪ್ಪ ಈಸ್ ಇಲ್ಲೀಗಲ್."

ಓದಿ ನೋಡಿದೆ. ದನಗಳ ಕಾಯಿಲೆ ಹರಡದಿರಲೆಂದು ಮಾಡಿದ ನಿಯಮ. ಸ್ಫೋಟಕಗಳ ಸಾಲಿಗಿಂತ ಸ್ವಲ್ಪ ಕೆಳಗೆ, ಅಷ್ಟೇ ಸ್ಪಷ್ಟವಾದ ಭಾಷೆಯಲ್ಲಿತ್ತು. ಸ್ಫೋಟಕ ತೆಗೆದು ಆ ಜಾಗದಲ್ಲಿ ಇನ್ನೊಂದು ನಿಷಿದ್ಧ ವಸ್ತುವನ್ನಿಟ್ಟು, ಸಮವಸ್ತ್ರದವರ ಕೈಯಲ್ಲೇ ಹೊರಿಸಿಕೊಂಡು ನನ್ನ ತಾಯಿ ಈ ದೇಶವನ್ನು ಪ್ರವೇಶಿಸಿದ್ದಳು. "ಏನಂತ ಕೂಸು?" ಎಂದು ಅವ್ವ ಚಮಚ ಹಿಡಿದು ಕೇಳಿದಳು. ಎಲ್ಲರೂ ನನ್ನ ಮುಖ ನೋಡಿದರು. ವೀಣಾಳ ಕಣ್ಣಿನಲ್ಲಿ ಆ ಕೊತ್ತಂಬರಿ ಗಿಡ ಕಾಣುತ್ತಿತ್ತು. "ತುಪ್ಪ ಬಾಳ ಛಲೋ ಆಗೇತಂತ, ಅವ್ವಾ," ಎಂದು ತಟ್ಟೆ ಮುಂದಕ್ಕೆ ಹಿಡಿದೆ. "ಇನ್ನೊಂದ್ ಚಮಚ ಹಾಕು." ಸಾಕ್ಷ್ಯ ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೆಯದು ಎಂದು ಮಗಳಿಗೆ ಹೇಳಿದೆ. ಅವಳು ತಲೆ ಅಲ್ಲಾಡಿಸಿ, ತಾನೂ ತಟ್ಟೆ ಮುಂದೆ ಮಾಡಿದಳು.

ಊಟವಾದ ಮೇಲೆ ಅಕ್ಕನ ಫೋನ್ ಬಂತು. ಅವಳ ಸಿಟ್ಟು ಇಳಿದಿತ್ತು. ಕ್ರಿಸ್ಮಸ್ ರಜೆಗೆ ತಾನೂ ಬರುತ್ತೇನೆಂದಳು. "ಏನರೆ ತರಬೇಕೇನು?" ಎಂದು ಕೇಳಿದಳು. ಫೋನ್ ಸ್ಪೀಕರಿನಲ್ಲಿತ್ತು. "ಏನೂ ಬ್ಯಾಡ. ಬರೀಗೈಲೆ ಬಾ," ಎಂದು ನಾನು ಗಟ್ಟಿಯಾಗಿ ಹೇಳಿದೆ. ವೀಣಾ ಮೆಚ್ಚಿಗೆಯಿಂದ ನೋಡಿದಳು. "ಆತು ಬಿಡು," ಎಂದಳು ಅಕ್ಕ. "ಅವ್ವ ಕಾಸಿದ್ದು ಇನ್ನೊಂದು ಬಾಟ್ಲಿ ತುಪ್ಪ ಇಲ್ಲೇ ಉಳದೈತಿ. ನಮ್ಮ ಮನ್ಯಾಗ ಅಷ್ಟು ಯಾರು ತಿಂತಾರ?"

ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಕೊನೆಯ ಪಕ್ಷ ನನ್ನ ನೆನಪು ಹಾಗೆ ಹೇಳುತ್ತದೆ. ಆದರೆ ಅಲ್ಲಿ ಕುಳಿತಿದ್ದ ನಾಲ್ವರೂ, ಅವ್ವನ ಸಮೇತ, ನಾನು "ಬರೋವಾಗ" ಎಂದು ಶುರು ಮಾಡಿದ್ದನ್ನು ತಮ್ಮ ಕಿವಿಯಾರೆ ಕೇಳಿದ್ದಾಗಿ ಇವತ್ತಿಗೂ ಸಾಧಿಸುತ್ತಾರೆ.